ಹದಿನೈದು ದಿನದವರಿಗೆ ಜಾಗವಿಲ್ಲ!

ಮೊನ್ನೆ ನಮ್ಮ ಬಿಲ್ಡಿಂಗಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಅಂಟಿಸಿದ್ದರು. ಮೇಲೆ ಮರಾಠಿ, ಕೆಳಗೆ ಇಂಗ್ಲಿಷ್. ಸಾರಾಂಶ ಇಷ್ಟು: ಹನ್ನೊಂದು ತಿಂಗಳಿಗಿಂತ ಕಡಿಮೆ ಅವಧಿಗೆ ಹಣ ಪಡೆದು ಯಾರನ್ನೂ ಮನೆಯಲ್ಲಿ ಇರಿಸಿಕೊಳ್ಳುವಂತಿಲ್ಲ, ತಪ್ಪಿದರೆ ದಂಡ. ಲಿಫ್ಟಿಗೆ ಕಾಯುತ್ತ ಎರಡು ಸಲ ಓದಿದೆ. ಇದು ಯಾರನ್ನು ಕುರಿತು ಎಂದು ಕೇಳುವ ಅಗತ್ಯವಿರಲಿಲ್ಲ. ಒಂದು, ಐದನೇ ಮಾಳಿಗೆಯ ಆ ಫ್ಲ್ಯಾಟು. ಇನ್ನೊಂದು, ಮೂರನೇ ಮಾಳಿಗೆಯ ನಾನು!

ಮೊದಲು ಐದನೇ ಮಾಳಿಗೆಯ ಕಥೆ ಹೇಳುತ್ತೇನೆ. ಅದರ ಮಾಲೀಕರು ಇಲ್ಲಿ ಇಲ್ಲ. ಮೊಬೈಲ್ ಆ್ಯಪಿನಲ್ಲಿ ಫೋಟೋ ಹಾಕಿ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿದ್ದಾರೆ. ಬಾಗಿಲಿಗೆ ನಂಬರ್ ಒತ್ತಿದರೆ ತೆರೆಯುವ ಬೀಗ. ಯಾರು ಬಂದರು, ಯಾರು ಹೋದರು ಎಂಬುದು ಮಾಲೀಕರಿಗೂ ಗೊತ್ತಿಲ್ಲ, ವಾಚ್‌ಮನ್‌ಗೂ ಗೊತ್ತಿಲ್ಲ. ಒಂದು ಶನಿವಾರ ರಾತ್ರಿ ಎರಡು ಗಂಟೆಗೆ ಕುಡಿದ ಹುಡುಗರು ದಾರಿ ತಪ್ಪಿ ಪಕ್ಕದ ಮನೆಯ ಬೆಲ್ ಒತ್ತಿದರು. ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರೇ. ಪಾಪ, ಬೆಳಗಿನವರೆಗೆ ನಿದ್ದೆ ಮಾಡಲಿಲ್ಲ. ಸೊಸೈಟಿಯವರಿಗೆ ಸಿಟ್ಟು ಬಂದದ್ದು ನೂರಕ್ಕೆ ನೂರು ಸರಿ. ನನಗೂ ಬಂದಿತ್ತು.

ಇನ್ನು ನನ್ನ ಕಥೆ. ಮಕ್ಕಳಿಬ್ಬರೂ ಹೊರಗೆ ಹೋದ ಮೇಲೆ ಹಿಂದಿನ ಕೋಣೆ ಖಾಲಿ ಬಿದ್ದಿತ್ತು. ಮೂರು ವರ್ಷದ ಹಿಂದೆ ಮಾಟುಂಗಾದ ಪರಿಚಯದ ಹೋಟೆಲಿನವರೊಬ್ಬರು ಫೋನ್ ಮಾಡಿದರು. ಸಿಂಧನೂರು ಕಡೆಯ ಗಂಡಹೆಂಡಿರು, ಹೆಂಡತಿಗೆ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಚಿಕಿತ್ಸೆ, ನಾಲ್ಕು ರಾತ್ರಿ ಫುಟ್‌ಪಾತಿನಲ್ಲಿ ಮಲಗಿದ್ದಾರೆ, ಭಾಷೆ ಬರುವುದಿಲ್ಲ, ಏನಾದರೂ ಮಾಡಿ ಎಂದರು. ಸಯನ್‌ನಿಂದ ಪರೇಲಿಗೆ ಲೋಕಲ್‌ನಲ್ಲಿ ಮೂರನೇ ಸ್ಟೇಷನ್. ಕರೆತಂದೆವು. ದುಡ್ಡು ಬೇಡ ಎಂದರೆ ಅವರು ಒಪ್ಪಲಿಲ್ಲ. "ಪುಕ್ಕಟೆ ಇದ್ರ ಮತ್ತೊಮ್ಮೆ ಬರಾಕ ನಾಚಿಕಿ ಆಕ್ಕೈತ್ರೀ ಯಪ್ಪಾ" ಎಂದ ಆತ. ಕೊನೆಗೆ ದಿನಕ್ಕೆ ನಾನೂರು ರೂಪಾಯಿ ಎಂದಾಯಿತು. ಅವರಿಂದ ಇನ್ನೊಬ್ಬರಿಗೆ ಗೊತ್ತಾಯಿತು, ಅವರಿಂದ ಮತ್ತೊಬ್ಬರಿಗೆ. ಹೀಗೆ ನಾನೂ ಒಬ್ಬ 'ಹೋಸ್ಟ್' ಆದೆ ನೋಡಿ!

ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲ ವರ್ಷ ನಾನು ಯಾರಿಗೂ ತಿಳಿಸಲಿಲ್ಲ. ವಾಚ್‌ಮನ್‌ಗೆ "ಊರಿನ ನೆಂಟರು" ಎಂದು ಸುಳ್ಳು ಹೇಳಿದೆ. ಸೆಕ್ರೆಟರಿಗೂ ಅದೇ ಸುಳ್ಳು. ಆಮೇಲೆ ಮನಸ್ಸಿಗೆ ಸರಿಬರದೆ ಪೊಲೀಸರಿಗೆ ವಿವರ ಕೊಡಲು ಶುರು ಮಾಡಿದೆ, ಸೊಸೈಟಿಗೂ ಕಾಗದ ಬರೆದೆ. ಸುಳ್ಳು ಹೇಳಿದಾಗ ಯಾರೂ ಏನೂ ಅನ್ನಲಿಲ್ಲ. ನಿಜ ಹೇಳಿದ ಮೇಲೆ ನೋಟಿಸ್ ಬಂತು. ಹೇಗಿದೆ ನ್ಯಾಯ?

ಕಾನೂನು ಏನು ಹೇಳುತ್ತದೆ ಎಂದು ಕುಳಿತು ಓದಿದೆ. ಸ್ವಲ್ಪ ಹಿಂದಕ್ಕೆ ಹೋಗಬೇಕು. 1947ರ ಹಳೆಯ ಬಾಡಿಗೆ ಕಾಯಿದೆಯ ಹೆಸರಿನಲ್ಲೇ ಬಾಡಿಗೆಯ ಜೊತೆಗೆ ಹೋಟೆಲು ಮತ್ತು ಲಾಡ್ಜಿಂಗ್ ಹೌಸುಗಳ ದರವೂ ಇತ್ತು. ಅಂದರೆ ನಾಲ್ಕು ದಿನಕ್ಕೆ ಬಂದು ಹೋಗುವವರೂ ಈ ಊರಿನವರೇ ಎಂಬ ಅರಿವು ಆ ಕಾಲಕ್ಕೇ ಇತ್ತು. ಆಮೇಲೆ ಆ ಕಾಯಿದೆಗೆ ಒಂದು ತಿದ್ದುಪಡಿ ಬಂತು: 1973ರ ಫೆಬ್ರವರಿ 1ರಂದು ಲೈಸೆನ್ಸ್ ಮೇಲೆ ಇದ್ದವರೆಲ್ಲ ರಕ್ಷಣೆ ಇರುವ ಬಾಡಿಗೆದಾರರಾದರು. ಇರಲು ಬಂದವನು ಏಳುವುದೇ ಇಲ್ಲ ಎಂಬ ಭಯ ಮುಂಬಯಿಯ ಮನೆ ಮಾಲೀಕರ ಎದೆಯಲ್ಲಿ ಕುಳಿತದ್ದು ಆಗ. ಹನ್ನೊಂದು ತಿಂಗಳ ಪದ್ಧತಿಗೆ ಬಲ ಬಂದದ್ದು ಇಂಥ ಭಯದಿಂದಲೇ.

ಈಗ ಇರುವುದು ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಆ್ಯಕ್ಟ್ 1999. ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಅದರ 55ನೇ ಕಲಮಿನಂತೆ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ರಿಜಿಸ್ಟರ್ ಆಗಿರಬೇಕು. ರಿಜಿಸ್ಟರ್ ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಐದು ವರ್ಷಕ್ಕೂ ಅದೇ ಕಲಮು, ಹದಿನೈದು ದಿನಕ್ಕೂ ಅದೇ. ಸಿಂಧನೂರಿನವರು ಹದಿನೈದು ದಿನಕ್ಕೆ ನನಗೆ ಕೊಡುವುದು ಆರು ಸಾವಿರ. ಮುಂಬಯಿಯಲ್ಲಿ ರಿಜಿಸ್ಟ್ರೇಷನ್ ಫೀ ಒಂದು ಸಾವಿರ, ಮೇಲೆ ಸ್ಟ್ಯಾಂಪ್ ಡ್ಯೂಟಿ, ಏಜೆಂಟನ ಕೈಖರ್ಚು. ಯಾರು ಮಾಡಿಸುತ್ತಾರೆ ಹೇಳಿ?

ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ನಮ್ಮ ಕಮಿಟಿಯವರು ಅಷ್ಟು ದೂರ ಓದಿಲ್ಲ ಅನ್ನಿಸುತ್ತದೆ. ಮಾಲೀಕ ತಾನೇ ವಾಸವಾಗಿರುವ ಮನೆಯ ಒಂದು ಭಾಗದಲ್ಲಿ ಇರಿಸಿಕೊಂಡ, ಕುಟುಂಬದವನಲ್ಲದ ವ್ಯಕ್ತಿಯನ್ನು ಕಾಯಿದೆ 'ಪೇಯಿಂಗ್ ಗೆಸ್ಟ್' ಎಂದು ಕರೆದು ಲೈಸೆನ್ಸಿಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅಂದರೆ ಮನೆಯೊಡೆಯ ಇರುವ ಮನೆ ಬೇರೆ, ಬೀಗ ಹಾಕಿ ಬಿಟ್ಟುಹೋದ ಮನೆ ಬೇರೆ ಎಂಬ ಭೇದ ಕಾನೂನಿಗೆ ಗೊತ್ತಿದೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲೂ ಇದೇ ಷರತ್ತು: ಆರು ಕೋಣೆ ಮೀರಬಾರದು, ಮಾಲೀಕನ ಕುಟುಂಬ ಅಲ್ಲೇ ಇರಬೇಕು. ದೂರದ ನ್ಯೂಯಾರ್ಕಿನವರು 2023ರ ಸೆಪ್ಟೆಂಬರಿನಿಂದ ಜಾರಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ: 30 ದಿನಕ್ಕಿಂತ ಕಡಿಮೆ ಅವಧಿಗೆ ಇರಿಸಿಕೊಳ್ಳುವುದಾದರೆ ಮನೆಯವರು ಮನೆಯಲ್ಲೇ ಇರಬೇಕು, ಅತಿಥಿಗಳು ಇಬ್ಬರನ್ನು ಮೀರಬಾರದು, ನಗರಸಭೆಯಲ್ಲಿ ನೋಂದಣಿ ಆಗಬೇಕು. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, 2028ರ ನವೆಂಬರ್ ಹೊತ್ತಿಗೆ ಪ್ರವಾಸಿ ಫ್ಲ್ಯಾಟುಗಳ ಲೈಸೆನ್ಸುಗಳನ್ನೇ ಮುಗಿಸುವುದಾಗಿ 2024ರಲ್ಲಿ ಹೇಳಿದೆ. ಇಡೀ ಇಡೀ ಫ್ಲ್ಯಾಟುಗಳು ಹೀಗೆ ಹೋದರೆ ಊರಿನವರಿಗೆ ಬಾಡಿಗೆ ಮನೆ ಸಿಗುವುದಿಲ್ಲ ಎಂಬ ಚಿಂತೆ ಅಲ್ಲಿಯದು. ಅದೂ ಸುಳ್ಳಲ್ಲ.

ಸರ್ಕಾರಕ್ಕೆ ಈ ಹದಿನೈದು ದಿನದವರು ನೆನಪಾಗುವುದು ತೆರಿಗೆ ಹಾಕುವಾಗ ಮಾತ್ರ. ದಿನಕ್ಕೆ ಸಾವಿರದೊಳಗಿನ ಲಾಡ್ಜ್ ಕೋಣೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇಕಡಾ 12 ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಅದು 5ಕ್ಕೆ ಇಳಿದಿದೆ. 2024ರಲ್ಲಿ ಒಂದು ವಿನಾಯಿತಿಯನ್ನೂ ಕೊಟ್ಟರು: ತಲೆಗೆ ತಿಂಗಳಿಗೆ 20,000 ಮೀರಬಾರದು, ಸತತ 90 ದಿನ ಇರಬೇಕು. ಕೀಮೋ ತೆಗೆದುಕೊಳ್ಳುವವರು ಬಂದು, ಕೆಲವು ದಿನ ಇದ್ದು, ಊರಿಗೆ ಹೋಗಿ, ಮೂರು ವಾರಕ್ಕೆ ಮತ್ತೆ ಬರುವವರು. ಸತತ 90 ದಿನ ಎಲ್ಲಿಂದ ತರುವುದು?

"ಧರ್ಮಶಾಲೆ ಇಲ್ಲವೇ?" ಎಂದರು ನಮ್ಮ ಕಮಿಟಿಯವರೊಬ್ಬರು. ಇದೆ ಸ್ವಾಮಿ. ದಾದರಿನಲ್ಲಿ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ, ಪರೇಲಿನಲ್ಲಿ ನಾನಾ ಪಾಲ್ಕರ್ ಸ್ಮೃತಿ ಸಮಿತಿ ಇದೆ. ಕೈಮುಗಿಯಬೇಕಾದ ಕೆಲಸ ಅವರದು. ಆದರೆ ದೇಶದ ಮೂಲೆಮೂಲೆಯಿಂದ ಬರುವವರಿಗೆಲ್ಲ ಅಷ್ಟು ಜಾಗ ಸಾಲುತ್ತದೆಯೇ? ಆಸ್ಪತ್ರೆಯ ಸುತ್ತಲಿನ ಫುಟ್‌ಪಾತನ್ನು ರಾತ್ರಿ ಹೊತ್ತು ಒಮ್ಮೆ ನೋಡಿ ಬನ್ನಿ, ಉತ್ತರ ಸಿಗುತ್ತದೆ.

ಇನ್ನೊಬ್ಬರು ಲಿಫ್ಟಿನಲ್ಲಿ ದನಿ ತಗ್ಗಿಸಿ ಕೇಳಿದರು, "ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಅಂಥ ರೋಗದವರು ಇದೇ ಲಿಫ್ಟಿನಲ್ಲಿ ಓಡಾಡುವುದು..." ಡಿಗ್ರಿ ಪಡೆದವರು, ದೊಡ್ಡ ಕೆಲಸದಲ್ಲಿರುವವರು. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಅವರಿಗೆ ನಾನು ಹೇಳಬೇಕಾಯಿತು. ನೋಟಿಸಿನಲ್ಲಿ ಬರೆದಿರುವುದು 'ಸುರಕ್ಷತೆ'. ಒಳಗಿರುವುದು ಇದು.

ಹಾಗೆಂದು ನಿಯಮವೇ ಬೇಡ ಎನ್ನುವವನು ನಾನಲ್ಲ. ನಿಯಮ ಬೇಕು, ಗಟ್ಟಿಯಾಗಿಯೇ ಬೇಕು. ಇರಿಸಿಕೊಳ್ಳುವವನು ಅದೇ ಮನೆಯಲ್ಲಿ ಮಲಗುವವನಾಗಿರಬೇಕು. ಬಂದವರ ಗುರುತಿನ ಚೀಟಿಯ ನಕಲು ಪೊಲೀಸರಿಗೂ ಸೊಸೈಟಿಗೂ ಹೋಗಬೇಕು. ವಿದೇಶದವರಾದರೆ 24 ಗಂಟೆಯೊಳಗೆ ಫಾರ್ಮ್ ತುಂಬುವ ಕಟ್ಟಳೆ ಇದ್ದೇ ಇದೆ. ಗಲಾಟೆಯಾದರೆ ಮನೆಯೊಡೆಯನೇ ಹೊಣೆ, ದಂಡ ಅವನಿಗೆ. ಖಾಲಿ ಫ್ಲ್ಯಾಟನ್ನು ದಿನದ ಲೆಕ್ಕದಲ್ಲಿ ಬಿಡುವುದು ಲಾಡ್ಜ್ ವ್ಯಾಪಾರ. ಅದಕ್ಕೆ ಲಾಡ್ಜಿನ ಪರವಾನಗಿ ತೆಗೆದುಕೊಳ್ಳಲಿ, ಇಲ್ಲವೇ ನಿಲ್ಲಿಸಲಿ. ಇಷ್ಟನ್ನೂ ಒಂದು ಹಾಳೆಯ ಫಾರ್ಮಿನಲ್ಲಿ ಮುಗಿಸಬಹುದು. ಅದು ಬಿಟ್ಟು ಐದನೇ ಮಾಳಿಗೆಯ ತಪ್ಪಿಗೆ ಮೂರನೇ ಮಾಳಿಗೆಯ ಬಾಗಿಲು ಮುಚ್ಚಿಸುವುದು ಯಾವ ಜಾಣತನ?

ಸೊಸೈಟಿ ತನ್ನಿಷ್ಟದಂತೆ ದಂಡ ಹಾಕಿಕೊಂಡು ಹೋಗಲು ಬರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬಾಡಿಗೆಗೆ ಕೊಟ್ಟ ಫ್ಲ್ಯಾಟುಗಳ ಮೇಲೆ ಮನಸ್ಸಿಗೆ ಬಂದಷ್ಟು ನಾನ್-ಆಕ್ಯುಪೆನ್ಸಿ ಚಾರ್ಜು ವಸೂಲಿ ನಡೆಯುತ್ತಿದ್ದ ಕಾಲವಿತ್ತು. 2001ರಲ್ಲಿ ಸರ್ಕಾರ ಅದನ್ನು ಸರ್ವಿಸ್ ಚಾರ್ಜಿನ ಶೇಕಡಾ 10ಕ್ಕೆ ಕಟ್ಟಿಹಾಕಿತು, ಮುಂಬಯಿ ಹೈಕೋರ್ಟು 2007ರಲ್ಲಿ ಅದನ್ನು ಎತ್ತಿಹಿಡಿಯಿತು.

ನಮ್ಮ ಕನ್ನಡದವರಿಗೆ ಕೊನೆಯದಾಗಿ ಒಂದು ಮಾತು. ಆ ನೋಟಿಸಿಗೆ ಸಹಿ ಹಾಕಿದ ಐವರಲ್ಲಿ ಇಬ್ಬರು ನಮ್ಮವರೇ! 1978ರಲ್ಲಿ ನಾನು ಈ ಊರಿಗೆ ಬಂದಾಗ ಹೋಟೆಲಿನ ಟೇಬಲ್ ಜೋಡಿಸಿ ಅದರ ಮೇಲೆ ಮಲಗಿದವನು. ಹಗಲು ಕಪ್ಪುಬಸಿ, ರಾತ್ರಿ ನೈಟ್ ಸ್ಕೂಲು. ಆಮೇಲೆ ಒಂದು ಖೋಲಿಯಲ್ಲಿ ಹನ್ನೊಂದು ಜನ. ನಮಗೆ ಯಾರು ಅಗ್ರಿಮೆಂಟ್ ಕೇಳಿದ್ದರು? ಊರಿನವರೊಬ್ಬರು "ಬಾ ಮಾರಾಯ, ಮೂಲೆಯಲ್ಲಿ ಮಲಗು" ಎಂದದ್ದಕ್ಕೇ ಅಲ್ಲವೇ ನಾವು ಇವತ್ತು ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು ಇನ್ನೊಬ್ಬರನ್ನು 'ಹೊರಗಿನವರು' ಎನ್ನುತ್ತಿರುವುದು? ಸಯನ್‌ಗೆ ಮರಾಠಿಯಲ್ಲಿ ಶೀವ್ ಎನ್ನುತ್ತಾರೆ. ಶೀವ್ ಎಂದರೆ ಗಡಿ. ಹಿಂದೆ ಮುಂಬಯಿ ದ್ವೀಪ ಇಲ್ಲಿಗೆ ಮುಗಿಯುತ್ತಿತ್ತು. ಈಗ ಆ ಗಡಿಯನ್ನು ನಾವು ನಮ್ಮ ಗೇಟಿಗೆ ತಂದು ನಿಲ್ಲಿಸಿದ್ದೇವೆ.

ಬರುವ ಭಾನುವಾರ ಜನರಲ್ ಬಾಡಿ ಮೀಟಿಂಗ್ ಇದೆ. ಮೇಲಿನದ್ದನ್ನೆಲ್ಲ ಮರಾಠಿಯಲ್ಲಿ ಬರೆದು ಇಟ್ಟುಕೊಂಡಿದ್ದೇನೆ. ಗೆಲ್ಲುತ್ತೇನೋ ಇಲ್ಲವೋ ಗೊತ್ತಿಲ್ಲ. ಸೋಮವಾರ ಸಿಂಧನೂರಿನವರು ತಪಾಸಣೆಗೆಂದು ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಾರೆ. "ಬರಬಹುದಾ ಅಣ್ಣಾ?" ಎಂದು ನಿನ್ನೆ ಆಕೆಯೇ ಫೋನಿನಲ್ಲಿ ಕೇಳಿದಳು. ಬಾ ತಂಗಿ, ಎಂದಿದ್ದೇನೆ.