ಕೋವಿಗೆ ಯಾವ ತೋಟೆ?

ಕಾಡುಹಂದಿ ಕಾಟಕ್ಕೆ ಬೇಸತ್ತವರೆಲ್ಲ 12 ಬೋರಿನ ಕೋವಿಗೆ ಎಲ್‌ಜಿ ತೋಟೆಯೇ ಆಗಬೇಕು ಅನ್ನುತ್ತಾರೆ. ನನ್ನ ಮತ ಬೇರೆ. ಬೆಳೆ ರಕ್ಷಣೆಗೆ ಸಿಕ್ಕ ಲೈಸೆನ್ಸು ಕೊಲ್ಲಲು ಕೊಟ್ಟ ಪರವಾನಿಗೆಯಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯಿದೆಯಂತೆ ಬೇರೆಯೇ ಅನುಮತಿ ಬೇಕು. ಹೆದರಿಸಿ ಓಡಿಸುವುದಷ್ಟೇ ನಮ್ಮ ಕೆಲಸವಾದರೆ ಸದ್ದು ಸಾಕಲ್ಲ?

ಎಲ್‌ಜಿಯ ಗುಂಡು ಸುಮಾರು 9 ಮಿ.ಮೀ. ದಪ್ಪ, ಗುರಿ ತಪ್ಪಿದರೆ ಅರ್ಧ ಕಿಲೋಮೀಟರು ಹಾರೀತು. 8ನೇ ನಂಬರಿನ ಸಣ್ಣ ಚರೆ ಹೆಚ್ಚೆಂದರೆ 200 ಮೀಟರಿಗೆ ಬಿದ್ದುಹೋಗುತ್ತದೆ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹಾಗಂತ ಹಗುರವಾಗಿ ಕಾಣಬೇಡಿ, ಹತ್ತಿರದಿಂದ ಚರೆಯೂ ಜೀವ ತೆಗೆದೀತು.

ನಮ್ಮ ತೋಟಗಳೋ ಒಂದಕ್ಕೊಂದು ತಾಗಿಕೊಂಡೇ ಇವೆ. ಕತ್ತಲಲ್ಲಿ ಪೊದೆ ಅಲುಗಿತು ಅನ್ನಿ. ಅಲ್ಲಿರುವುದು ಹಂದಿಯೋ, ನೀರು ತಿರುಗಿಸಲು ಬಂದ ನೆರೆಯವರೋ? ಖಾತ್ರಿಯಾಗದೆ ಕೋವಿ ಎತ್ತಲೇ ಬೇಡಿ.