ಹಾವನೂರು ವೃತ್ತದ ಹೆಸರಿನ ಹಿಂದೆ

ನಮ್ಮ ಪಶ್ಚಿಮ ಬೆಂಗಳೂರಿನ ಹೆಸರುಗಳಲ್ಲಿಯೇ ಸಾಕಷ್ಟು ಚರಿತ್ರೆಯಿದೆ. ರಾಜಾಜಿನಗರವೆಂದರೆ ರಾಜಗೋಪಾಲಾಚಾರಿಯವರು, ಬಸವೇಶ್ವರನಗರವೆಂದರೆ ಹನ್ನೆರಡನೆಯ ಶತಮಾನದ ಬಸವಣ್ಣನವರು ಎಂಬುದನ್ನು ಯಾರಾದರೂ ಹೇಳಿಯಾರು. ಅದೇ ಬಸವೇಶ್ವರನಗರದಲ್ಲಿರುವ ಹಾವನೂರು ವೃತ್ತದ ಮಾತೆತ್ತಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಹಾವೇರಿ ಜಿಲ್ಲೆಯಲ್ಲಿ ಹಾವನೂರು ಎಂಬ ಊರು ಇರುವುದರಿಂದ ಇದು ಊರಿನ ಹೆಸರೆಂದೇ ಕೆಲವರು ಭಾವಿಸಿದ್ದಾರೆ.

ಈ ವೃತ್ತದ ಹೆಸರು ಎಲ್.ಜಿ. ಹಾವನೂರರದು. ರಾಣೆಬೆನ್ನೂರಿನಲ್ಲಿ 1927ರಲ್ಲಿ ನಾಯಕ ಸಮುದಾಯದಲ್ಲಿ ಹುಟ್ಟಿ, ವಕೀಲರಾಗಿ ಬೆಳೆದವರು. 1972ರಲ್ಲಿ ದೇವರಾಜ ಅರಸರ ಸರ್ಕಾರ ರಚಿಸಿದ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾದರು. 1975ರಲ್ಲಿ ವರದಿ ಒಪ್ಪಿಸಿದರು. 1977ರಲ್ಲಿ ಅದರ ಆಧಾರದ ಮೇಲೆ ಮೀಸಲಾತಿಯ ಆದೇಶ ಹೊರಟಿತು. ಮುಂದೆ ಅವರು ಮಂತ್ರಿಗಳೂ ಆದರು. ವರ್ಣಭೇದ ನೀತಿಯನ್ನು ತೊರೆದು ಹೊಸ ಸಂವಿಧಾನ ರಚಿಸಿಕೊಳ್ಳುತ್ತಿದ್ದ ದಕ್ಷಿಣ ಆಫ್ರಿಕಕ್ಕೂ ಅವರ ಸಲಹೆ ಬೇಕಾಯಿತು.

ಉಪಾಧ್ಯಾಯನಾದ ನನಗೆ ಆ ವರದಿಯಲ್ಲಿ ಮುಖ್ಯವೆನಿಸುವುದು ಒಂದು ಅಳತೆಗೋಲು. ಪ್ರತಿಯೊಂದು ಸಮುದಾಯದಲ್ಲಿ ಸಾವಿರ ಜನಸಂಖ್ಯೆಗೆ ಎಷ್ಟು ಮಕ್ಕಳು 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದರು ಎಂದು ಆಯೋಗ ಲೆಕ್ಕ ಹಾಕಿತು. ಅದನ್ನು ರಾಜ್ಯದ ಸರಾಸರಿಯೊಡನೆ ಹೋಲಿಸಿತು. ನಾವು ವರ್ಷವರ್ಷವೂ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದ ಫಲಿತಾಂಶದ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದಷ್ಟೇ ನೋಡುತ್ತಿದ್ದೆವು. ಯಾರ ಹೆಸರು ಇಲ್ಲ, ಏಕೆ ಇಲ್ಲ ಎಂದು ಕೇಳಿದವರು ಹಾವನೂರರು.

ವರದಿಗೆ ವಿರೋಧವೂ ಬಲವಾಗಿಯೇ ಇತ್ತು. ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಕೈಬಿಟ್ಟದ್ದಕ್ಕೆ ಪ್ರತಿಭಟನೆಗಳಾದವು, ವಿವಾದ ನ್ಯಾಯಾಲಯಗಳ ಮೆಟ್ಟಿಲೇರಿತು. ಆ ವರದಿಯನ್ನು ಒಪ್ಪದವರು ಇಂದಿಗೂ ಇದ್ದಾರೆ. ಒಪ್ಪದಿರಲು ಅವರಿಗೆ ಹಕ್ಕಿದೆ. ಆದರೆ ಒಪ್ಪುವುದಕ್ಕೂ ಒಪ್ಪದಿರುವುದಕ್ಕೂ ಮೊದಲು ತಿಳಿದಿರಬೇಕಲ್ಲವೇ?

ರಸ್ತೆಗೆ ಹೆಸರಿಟ್ಟ ಮಾತ್ರಕ್ಕೆ ಸ್ಮರಣೆ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಳಕೆಯಲ್ಲಿ ಹೆಸರು ಸವೆದು ಆಟೋದವರಿಗೆ ಹೇಳುವ ಗುರುತಾಗಿಬಿಡುತ್ತದೆ. ಆದುದರಿಂದ ಯಾವ ರಸ್ತೆಗೇ ಆಗಲಿ, ವೃತ್ತಕ್ಕೇ ಆಗಲಿ, ವ್ಯಕ್ತಿಯ ಹೆಸರಿಟ್ಟರೆ ಪೂರ್ಣ ಹೆಸರಿನೊಡನೆ ಅವರು ಮಾಡಿದ ಕೆಲಸವನ್ನು ಮೂರು ಸಾಲಿನಲ್ಲಿ ಕನ್ನಡದಲ್ಲಿ ಬರೆಸಬೇಕು. ಸುತ್ತಲಿನ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಅದರ ಪಾಠವಾಗಬೇಕು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ನಿಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ನಿಮ್ಮ ಶ್ರಮ ನಿಮ್ಮದೇ. ಆದರೆ ಬಾಗಿಲು ತೆರೆಸಿದವರು ಬೇರೆ ಇದ್ದರು. ಆ ವೃತ್ತವನ್ನು ದಾಟುವಾಗ ಜೊತೆಯಲ್ಲಿರುವ ಮಕ್ಕಳಿಗೆ ಇಷ್ಟನ್ನು ಹೇಳಿರಿ.