ನಮ್ಮೂರಲ್ಲಿ ಏನಿದೆ ಅಂತೀರಲ್ಲ!

ರಜೆ ಬಂದರೆ ಸಾಕು, ಕಡೂರು-ತರೀಕೆರೆ ಕಡೆಯ ನಾವೆಲ್ಲ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೊರಡುತ್ತೇವೆ. ಮ್ಯೂಸಿಯಂ ತೋರಿಸಬೇಕಂತೆ. 'ನಮ್ಮೂರಲ್ಲಿ ಏನ್ ಮಣ್ಣಿದೆ ನೋಡೋಕೆ?' ಅಂತಾರೆ. ಈ ಮಾತಿಗೇ ನನ್ನ ತಕರಾರು.

ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಹೋಗಿ. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯ. ಮಂಟಪದ ಹೊರಗೋಡೆಯಲ್ಲಿ ರಾಮಾಯಣ, ಭಾರತ, ಕೃಷ್ಣನ ಕತೆಗಳು ಸಾಲುಗಟ್ಟಿವೆ. ಓದು ಬಾರದ ಮಗುವಿಗೂ ಅರ್ಥವಾಗುತ್ತೆ. ಅಲ್ಲಿನ ಶಾಸನದಲ್ಲಿ ಕವಿ ಜನ್ನನ ಪದ್ಯಗಳಿವೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವಿದೆ. ಹೈದರ್-ಟಿಪ್ಪು ಸೈನ್ಯದ ಫಿರಂಗಿ ಎಳೆದ ದನಗಳ ವಂಶ ಅಲ್ಲಿ ಇನ್ನೂ ಮೇಯುತ್ತಿದೆ. ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಲಕ್ಷ್ಮೀಶನ ಊರು.

ದೂರದ ಮ್ಯೂಸಿಯಂ ಬೇಡ ಅನ್ನುತ್ತಿಲ್ಲ. ಆದರೆ ಬರೀ ಅದನ್ನೇ ತೋರಿಸಿದರೆ, ಚರಿತ್ರೆ ಅನ್ನೋದು ಟಿಕೆಟ್ ಕೊಟ್ಟು ನೋಡುವ ಬೇರೆಯವರ ಸೊತ್ತು ಅಂತ ಮಗು ಕಲಿಯುತ್ತೆ. ತನ್ನೂರಿಗೆ ಬೆಲೆಯಿಲ್ಲ ಅಂದುಕೊಂಡು ಬೆಳೆದವರೇ ನಾಳೆ ವೀರಗಲ್ಲನ್ನು ಬಟ್ಟೆ ಒಗೆಯೋ ಕಲ್ಲು ಮಾಡೋದು.

ಈ ಭಾನುವಾರ ಬುತ್ತಿ ಕಟ್ಟಿಕೊಳ್ಳಿ. ಅಜ್ಜಿಯನ್ನೂ ಕರೆದುಕೊಳ್ಳಿ, ಗೋಡೆಯ ಕತೆ ಹೇಳೋಕೆ ಅವರಿಗಿಂತ ಒಳ್ಳೇ ಗೈಡ್ ಸಿಗೋದಿಲ್ಲ.